ತೊಳೆದ ಡಬ್ಬಿಯೊಳಗೊಂದು ಲವಂಗ

ಮೊನ್ನೆ ಅಂಗಡಿಯಲ್ಲಿ ವಾಷರ್ ಒಂದನ್ನು ಹುಡುಕುತ್ತಿದ್ದೆ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಬೇಕಾದ ವಾಷರ್ ಬೇಕಾದಾಗ ಸಿಕ್ಕ ಉದಾಹರಣೆ ಇಲ್ಲ. ಹಲಗೆಯ ಮೇಲಿದ್ದ ತಗಡಿನ ಡಬ್ಬಿಗಳನ್ನೆಲ್ಲ ಬೋರಲು ಹಾಕುತ್ತಾ ಹೋದೆ. ಒಂದರಿಂದ ನಟ್ಟು ಬಿತ್ತು, ಒಂದರಿಂದ ಬೋಲ್ಟು, ಒಂದರಿಂದ ಸತ್ತ ಜಿರಳೆ. ಇನ್ನೊಂದರಿಂದ ಒಂದು ಹಿಡಿ ಲವಂಗ. ಎದುರಿಗೆ ಕೂತಿದ್ದ ಗಿರಾಕಿ, "ಇದೇನ್ರಿ ಸಾಬ್ರ, ಮೋಟರಿಗೂ ಮಸಾಲಿ ಹಾಕ್ತೀರೇನು?" ಅಂದ. ನನಗೆ ನಗು ಬರಲಿಲ್ಲ. ಪೊಲೀಸರು ಸಾಕ್ಷಿಗೆ ಚೂರಿ, ಚಪ್ಪಲಿ ಕಟ್ಟಿಡುತ್ತಾರಲ್ಲ, ಹಾಗೆ ಆ ಲವಂಗಗಳನ್ನು ಒಂದು ಕಾಲಕ್ಕೆ ನಾನೇ ಕೂಡಿಟ್ಟಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಮನುಷ್ಯ. ಕೊಟ್ಟೂರಿನಲ್ಲಿ ಸುಟ್ಟ ಮೋಟರ್ ಕಟ್ಟಿಕೊಂಡು ಕೂತವನಿಗೆ ಬೇರೆ ಸ್ವಭಾವ ಬರುವುದಾದರೂ ಹೇಗೆ, ನೀವೇ ಹೇಳ್ರಿ? ಸುತ್ತಲಿನ ಹಳ್ಳಿಗಳಿಂದ ಟಂಟಂ ಗಾಡಿಯಲ್ಲಿ ಮೋಟರ್ ಹೇರಿಕೊಂಡು ಬರುವವರಲ್ಲಿ ಒಬ್ಬನಾದರೂ ಈವರೆಗೆ ನಿಜ ಹೇಳಿದ್ದಿಲ್ಲ. "ನಾ ಏನೂ ಮಾಡಿಲ್ರಿ, ತಾನಾಗೇ ನಿಂತೈತಿ." ಎಲ್ಲರದೂ ಇದೇ ಮಾತು. ಬೋರಿನಲ್ಲಿ ನೀರಿಲ್ಲದಾಗಲೂ ಓಡಿಸಿರುತ್ತಾನೆ, ಫ್ಯೂಜ್ ಇರಬೇಕಾದ ಕಡೆ ದಪ್ಪ ತಂತಿ ಸುತ್ತಿರುತ್ತಾನೆ. ಕೇಳಿದರೆ, ತಾನಾಗೇ ನಿಂತೈತಿ! ಅದಕ್ಕೇ ನಾನು ಗಿರಾಕಿಯ ಮಾತಿಗೆ ಕಿವಿ ಕೊಡುವುದಿಲ್ಲ. ಮೋಟರ್ ಬಿಚ್ಚಿ ಮೂಗನ್ನು ಒಳಗಿಡುತ್ತೇನೆ. ಎಲ್ಲಿ, ಹೇಗೆ ಸುಟ್ಟಿದೆ ಅನ್ನುವುದನ್ನು ವಾಸನೆಯೇ ಹೇಳುತ್ತದೆ.

ಇದು ನಮ್ಮಪ್ಪನಿಂದ ಬಂದ ಬಳುವಳಿಯೂ ಹೌದು. ಅವನದು ಸ್ಟೌ ರಿಪೇರಿ. ಸಂತೆಯಲ್ಲಿ ಕಲ್ಲಂಗಡಿ ಹಣ್ಣನ್ನು ಕಿವಿಗೆ ಹಿಡಿದು ಬಡಿದು ಬಡಿದು, ಕೊನೆಗೆ "ಇದರ ಸಪ್ಪಳ ಸರಿ ಇಲ್ಲ" ಅಂತ ಕೆಳಗಿಟ್ಟು ಬರುತ್ತಿದ್ದ. ಹಣ್ಣಿನವರು ಅವನು ದೂರದಲ್ಲಿ ಬರುವುದನ್ನು ಕಂಡೇ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಅಮ್ಮನನ್ನು ನೋಡಲು ಹೋದ ದಿನ, ಕೊಟ್ಟ ಚಹಾವನ್ನು ಮೂಸಿ ಹಾಗೇ ಇಟ್ಟಿದ್ದನಂತೆ. "ಆವತ್ತ ನಾ ಬ್ಯಾಡ ಅನ್ನಬೇಕಿತ್ತು" ಅಂತ ಅಮ್ಮ ಈಗಲೂ ಹೇಳುತ್ತಾಳೆ. ಹೇಳಿ, ಎಲೆ ಅಡಿಕೆ ತುಂಬಿದ ಕೆಂಪು ಬಾಯಿ ತೆರೆದು ನಗುತ್ತಾಳೆ.

ಅಮ್ಮ ಇದಕ್ಕೆ ಪೂರಾ ಉಲ್ಟಾ. ಅವಳಿಗೆ ಜಗತ್ತಿನಲ್ಲಿ ಎಲ್ಲರೂ ಒಳ್ಳೆಯವರೇ. ನಮ್ಮ ಓಣಿಯಲ್ಲಿ ಪಾತ್ರೆಗಳು ತಮಗೆ ಕಾಲಿದ್ದವೇನೋ ಅನ್ನಿಸುವಂತೆ ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದವು. ಪಕ್ಕದ ಗಂಗಮ್ಮಕ್ಕನ ಮನೆಯಿಂದ ಹೋಳಿಗೆ ಬರೋದು, ನಮ್ಮ ಮನೆಯಿಂದ ಹಬ್ಬದ ಶಾವಿಗೆ ಹೋಗೋದು. ಬಂದ ಪಾತ್ರೆಯನ್ನು ಅಮ್ಮ ತೊಳೆದು ಒರೆಸಿ ನನ್ನ ಕೈಗೆ ಕೊಡುವಾಗ ಒಳಗೆ ಏನಾದರೂ ಇರಲೇಬೇಕು. ಒಂದು ಚಿಟಿಕೆ ಸಕ್ಕರೆ, ಸಕ್ಕರೆ ಇಲ್ಲದ ದಿನ ಒಂದಿಷ್ಟು ಜೋಳ, ಅದೂ ಇಲ್ಲದಿದ್ದರೆ ಕರಿಬೇವಿನ ಎಲೆ. "ಬರೇ ಪಾತ್ರಿ ತಿರುಗಿ ಕೊಡಬಾರದಲೇ ಮಾಬು. ಕೊಟ್ಟೋರ ಮನಿ ತುಂಬಿರಲಿ ಅನ್ನಬೇಕು" ಅನ್ನೋಳು. ಗಂಗಮ್ಮಕ್ಕನೂ ಹಾಗೇ. ಆ ಓಣಿಯ ಹೆಂಗಸರ ಕೈಗಳಿಗೆಲ್ಲ ಇದು ರೂಢಿ. ಅವರು ಯೋಚನೆ ಮಾಡಿ ಹಾಕುತ್ತಿರಲಿಲ್ಲ, ಕೈಯೇ ಹಾಕುತ್ತಿತ್ತು. ನಾನು ಮಾತ್ರ ದಾರಿಯುದ್ದಕ್ಕೂ, ಈ ಸಕ್ಕರೆ ಅವರ ಮನೆಯಿಂದ ಬಂದ ಸಕ್ಕರೆಗಿಂತ ಜಾಸ್ತಿ ಇದೆಯೋ ಕಡಿಮೆ ಇದೆಯೋ ಅಂತ ತೂಗಿ ನೋಡುತ್ತಿದ್ದೆ. ಆಗಲೇ ಹಾಗೆ ನಾನು.

ಈಗ ಡಬ್ಬಿಯ ವಿಷಯ. ನನ್ನ ಹೆಂಡತಿ ಶಾಹಿನಾ ನರ್ಸು. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ವರ್ಗವಾದ ಮೇಲೆ ಅವಳು ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ನಾಜ್ನಿನ್, ನಮ್ಮ ಬಾಯಲ್ಲಿ ನಾಜು, ಆಗ ಮೂರನೇ ಕ್ಲಾಸು. ಅವಳ ಮಧ್ಯಾಹ್ನದ ಡಬ್ಬಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಅಮ್ಮ ಮನೆಯಲ್ಲೇ ಇದ್ದಳಲ್ಲ, ಅವಳು ಕಟ್ಟಬಾರದಿತ್ತೇ ಅಂತ ನೀವು ಕೇಳುತ್ತೀರಿ. ಕೇಳ್ರಿ. ಕಣ್ಣಿನ ಆಪರೇಷನ್ ಆದ ಹೊಸದರಲ್ಲಿ ಅಮ್ಮ ಒಂದು ಸಲ ಹಾಲು ಕಾಯಲಿಟ್ಟು ಮರೆತಳು. ಹಾಲು ಉಕ್ಕಿ ಒಲೆ ಆರಿ ಗ್ಯಾಸು ಹಾಗೇ ಬರುತ್ತಿತ್ತು. ನನ್ನ ಮೂಗಿನ ಪುಣ್ಯ, ಏನೂ ಆಗಲಿಲ್ಲ. ಆವತ್ತಿನಿಂದ ಅಡುಗೆಮನೆಯಲ್ಲಿ ಅಮ್ಮನ ಮೇಲೆ ನಂಬಿಕೆ ಹೋಯಿತು. ಒಲೆ ಹಚ್ಚುವ ಲೈಟರನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುತ್ತಿದ್ದೆ. ಸ್ಕ್ರೂ ಡ್ರೈವರ್ ಪಕ್ಕ ಲೈಟರ್. ಊರೆಲ್ಲ ಮೆಚ್ಚುವಂಥ ರೊಟ್ಟಿ ಬಡಿಯುತ್ತಿದ್ದ ಹೆಂಗಸು, ಕೈ ಮಡಚಿಕೊಂಡು ಕಟ್ಟೆಯ ಮೇಲೆ ಕೂತಳು. ಸಕ್ಕರೆ ಕಾಯಿಲೆ ಬೇರೆ ಇತ್ತು, ಅನ್ನ ಕಡಿಮೆ ಮಾಡು, ಜೋಳದ ರೊಟ್ಟಿ ತಿನ್ನು ಅಂದಿದ್ದರು ಡಾಕ್ಟರು. ಗಂಗಮ್ಮಕ್ಕನ ಸೊಸೆ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾಳೆ. ಅಮ್ಮನ ಮಧ್ಯಾಹ್ನದ ರೊಟ್ಟಿ ಅಲ್ಲಿಂದಲೇ ಬರುತ್ತಿತ್ತು.

ಹೊಸ ಆಸ್ಪತ್ರೆಗೆ ಹೋಗಲು ಶುರು ಮಾಡಿದಾಗಲೇ ಶಾಹಿನಾ ಒಂದು ಮಾತು ಹೇಳಿದ್ದಳು. ನಾಜು ಮೊದಲೇ ಕಡ್ಡಿಯಂಥ ಹುಡುಗಿ. ಅವಳ ಕೈಗೊಂದು ಬಳೆ ಇತ್ತು. ಶಾಹಿನಾ ದಿನಾ ಸಂಜೆ ಬಂದು, ಚಪ್ಪಲಿ ಬಿಡುವ ಮುಂಚೆ ಆ ಬಳೆಯನ್ನು ಮೇಲಕ್ಕೆ ತಳ್ಳಿ ನೋಡುತ್ತಿದ್ದಳು. ಅದು ಸಲೀಸಾಗಿ ಮೊಣಕೈ ತನಕ ಜಾರುತ್ತಿತ್ತು.

"ನೋಡ್ರಿ, ನಾನಂತೂ ಮನ್ಯಾಗ ಇರಂಗಿಲ್ಲ. ದಸರಾ ರಜಕ್ಕ ನಮ್ಮ ಅಮ್ಮ ಬರ್ತಾಳ. ಅಷ್ಟ್ರಾಗ ಈ ಬಳಿ ಜಾರೋದು ನಿಲ್ಲಲಿಲ್ಲ ಅಂದ್ರ, ಹುಡುಗಿನ್ನ ಆಕಿ ಜೊತಿ ಹರಪನಹಳ್ಳಿಗಿ ಕಳಿಸಿಬಿಡ್ತೀನಿ. ಅಲ್ಲೇ ಶಾಲಿ ಕಲೀಲಿ."

ಹರಪನಹಳ್ಳಿ ಏನು ದೂರದ ದೇಶವಲ್ಲ, ಬಸ್ಸಿದೆ, ಆ ಮಾತು ಬೇರೆ. ಆದರೆ ಸಂಜೆ ಅಂಗಡಿಯಲ್ಲಿ ತಾಮ್ರದ ತಂತಿಯ ಚೂರುಗಳನ್ನು ಬಳೆ ಮಾಡಿ, ಉಂಗುರ ಮಾಡಿ, ನನ್ನ ಕೈಗೆ ತೊಡಿಸಲು ಬರುವ ಹುಡುಗಿ ಅಲ್ಲಿಗೆ ಹೋದರೆ ನಾನು ಆ ಅಂಗಡಿಯಲ್ಲಿ ಏನು ಮಾಡುತ್ತಾ ಕೂರಲಿ? ಅತ್ತೆಯವರೇ ಈ ಮಾತನ್ನು ಹೇಳಿಕೊಟ್ಟಿರಬೇಕು ಅಂತ ಅನುಮಾನವೂ ಬಂತು. ಅವರಿಗೆ ಮೊದಲಿನಿಂದ ಮೊಮ್ಮಗಳ ಮೇಲೆ ಕಣ್ಣು.

ಸರಿ, ಹಟಕ್ಕೆ ಬಿದ್ದೆ. ದಿನಕ್ಕೊಂದು ಥರದ ಡಬ್ಬಿ ಕಟ್ಟಬೇಕು, ಖರ್ಚೂ ಕೈಮೀರಬಾರದು. ಮೊಬೈಲಿನಲ್ಲಿ ಇದಕ್ಕೆಂದೇ ಹೆಣ್ಣುಮಕ್ಕಳು ಕ್ಲಾಸು ತಗೊಳ್ಳುತ್ತಾರೆ. ಒಬ್ಬಾಕೆ "ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ತರಹೇವಾರಿ ಡಬ್ಬಿ" ಅಂತ ಶುರು ಮಾಡಿದವಳೇ, ಮೊದಲು ಒಂದು ಬಟ್ಟಲು ಗೋಡಂಬಿ ತಗೊಳ್ಳಿ ಅಂದಳು. ನಮ್ಮವ್ವಾ, ಇದು ಯಾವ ಊರಿನ ಕಡಿಮೆ ಖರ್ಚು! ಅವಳ ಗೋಡಂಬಿಯ ಜಾಗಕ್ಕೆ ನಾನು ಶೇಂಗಾ ಹಾಕಿದೆ, ಪನ್ನೀರಿನ ಜಾಗಕ್ಕೆ ಬೇಯಿಸಿದ ಆಲೂಗಡ್ಡೆ, ಯಾವುದೋ ಇಂಗ್ಲಿಷ್ ಸೊಪ್ಪಿನ ಜಾಗಕ್ಕೆ ಮೆಂತ್ಯೆ. ಸಂತೆಗೆ ಹೊತ್ತು ಮುಳುಗುವಾಗ ಹೋಗುತ್ತಿದ್ದೆ. ಆಗ ತರಕಾರಿಯವರಿಗೆ ಮನೆಗೆ ಹೋಗುವ ಅವಸರ, ಉಳಿದ ಗುಡ್ಡೆಯನ್ನು ಸಸ್ತಾ ಬಿಟ್ಟುಕೊಡುತ್ತಾರೆ. ಅಷ್ಟಾದರೂ ನಾನು ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ಹುಳದ ತೂತು ಹುಡುಕುತ್ತಿದ್ದೆ. "ಸಾಬ್ರ, ಅದು ಬದ್ನಿಕಾಯಿ, ಮೋಟರಲ್ಲ" ಅಂತ ಒಬ್ಬ ಮುದುಕಿ ಬೈದದ್ದೂ ಉಂಟು.

ಏನೇನು ಮಾಡಲಿಲ್ಲ ನಾನು! ಅವಲಕ್ಕಿಯನ್ನು ಉಂಡೆ ಕಟ್ಟಿ ಕರಿದೆ. ಚಪಾತಿಯೊಳಗೆ ಮಂಡಕ್ಕಿ ಒಗ್ಗರಣೆ ತುಂಬಿ ಸುರುಳಿ ಸುತ್ತಿದೆ. ಸುತ್ತುವುದು ನನ್ನ ಕಸುಬೇ ಅಲ್ಲವೇ, ಸುರುಳಿ ಬಿಚ್ಚಲೂ ಬಾರದಷ್ಟು ಬಿಗಿಯಾಗಿ ಸುತ್ತಿದೆ. ಟೊಮೆಟೊ ಬಾತಿಗೆ ಮೆಂತ್ಯೆ, ಮೆಂತ್ಯೆ ಬಾತಿಗೆ ಬೆಲ್ಲ. ಹೆಸರುಕಾಳು ರುಬ್ಬಿ ಪಡ್ಡು ಹಾಕಿದೆ. ಪಡ್ಡು ಅಂದರೆ ನಮ್ಮ ಕಡೆ ಮಕ್ಕಳು ಪ್ರಾಣ ಬಿಡುತ್ತಾರೆ. ನಾನು ಮಾಡಿದ ಪಡ್ಡು ಹಂಚಿನಿಂದ ಎತ್ತುವಾಗ ಠಣ್ ಅಂತ ಸಪ್ಪಳ ಮಾಡುತ್ತಿದ್ದವು. ಒಳ್ಳೆ ಗರಿಗರಿ ಬಂದಿದೆ ಅಂದುಕೊಂಡೆ.

ಶಾಲೆಯ ವ್ಯಾನು ನಮ್ಮ ಓಣಿಯೊಳಗೆ ಬರುವುದಿಲ್ಲ. ಮೂಲೆಯ ಹಿಟ್ಟಿನ ಗಿರಣಿಯ ಹತ್ತಿರ ನಿಲ್ಲುತ್ತದೆ. ಸಂಜೆ ಅಮ್ಮ ಅಲ್ಲಿಗೆ ಹೋಗಿ ನಾಜುವನ್ನು ಕರೆದುಕೊಂಡು ಬಂದು ನನ್ನ ಅಂಗಡಿಗೆ ಬಿಟ್ಟು ಹೋಗುತ್ತಿದ್ದಳು. ನಾಜು ಬಂದ ಕೂಡಲೇ ನಾನು ಚೀಲದಿಂದ ಡಬ್ಬಿ ತೆಗೆಯುತ್ತಿದ್ದೆ.

"ಹೆಂಗಿತ್ತವ್ವಾ?"

"ಮಸ್ತ್ ಇತ್ತು ಅಬ್ಬಾ."

ಡಬ್ಬಿ ಖಾಲಿ. ಒಂದು ಅಗಳು ಇಲ್ಲ. ಮೊದಮೊದಲು ನನ್ನ ಎದೆ ಉಬ್ಬಿತು. ಪಕ್ಕದ ಅಂಗಡಿಯವರಿಗೂ ಹೇಳಿಕೊಂಡೆ. ಆದರೆ ಬಳೆ ಮಾತ್ರ ಹಾಗೇ ಮೊಣಕೈ ತನಕ ಜಾರುತ್ತಿತ್ತು. ಆಗ ನನ್ನ ಮೂಗು ಎಚ್ಚರಾಯಿತು. ಖಾಲಿ ಡಬ್ಬಿಗೊಂದು ವಾಸನೆ ಇರಬೇಕಲ್ಲ? ಮೂಲೆಯಲ್ಲಿ ಎಣ್ಣೆ, ಮುಚ್ಚಳಕ್ಕೊಂದು ಸಾಸಿವೆ ಅಂಟಿರಬೇಕಲ್ಲ? ಈ ಡಬ್ಬಿ ತೊಳೆದು ಬಂದಿತ್ತು. ಅಂಚಿನಲ್ಲಿ ನೀರಿನ ಹನಿ ಇನ್ನೂ ಆರಿರಲಿಲ್ಲ.

"ಡಬ್ಬಿ ಯಾರು ತೊಳದ್ರು?"

"ಶಾಲ್ಯಾಗ ತೊಳಿತಾರ ಅಬ್ಬಾ" ಅಂದಳು, ಕಾಲಿನ ಹೆಬ್ಬೆರಳು ನೋಡುತ್ತಾ. ತಾನಾಗೇ ನಿಂತೈತಿ ಅನ್ನುವ ಗಿರಾಕಿ ಥೇಟ್ ಹೀಗೇ ನೆಲ ನೋಡುತ್ತಾನೆ.

ವ್ಯಾನಿನ ಡ್ರೈವರ್ ಕೊಟ್ರೇಶಿಯನ್ನು ಹಿಡಿದು ಕೇಳಿದೆ. ನಮ್ಮೂರಿನಲ್ಲಿ ಕೊಟ್ರೇಶಿ ಅಂತ ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ, ಇವನು ಅದರಲ್ಲಿ ಬಾಯಿ ಸದಾ ಕೆಂಪಗಿರುವ ಕೊಟ್ರೇಶಿ. "ಶಾಲ್ಯಾಗ ಡಬ್ಬಿ ಯಾರ್ ತೊಳಿತಾರ್ರಿ ಸಾಬ್ರ? ಹುಡುಗರು ಕೈ ತೊಳಕೊಂಡ್ರ ಪುಣ್ಯ" ಅಂದ. ಅಲ್ಲಿಗೆ ಖಾತ್ರಿಯಾಯಿತು. ನನ್ನ ಮಗಳ ಊಟವನ್ನು ಯಾರೋ ತಿನ್ನುತ್ತಿದ್ದಾರೆ, ತಿಂದು ಸಾಕ್ಷಿ ಸಿಗದಂತೆ ತೊಳೆದೂ ಇಡುತ್ತಿದ್ದಾರೆ. ಮಗಳು ಹೆದರಿ ಬಾಯಿ ಬಿಡುತ್ತಿಲ್ಲ.

ಯಾರು? ನಾಜುವಿನ ಪಕ್ಕ ಕೂರುವ ದಪ್ಪ ಹುಡುಗನೇ? ಶಾಲೆಯ ಆಯಮ್ಮನೇ? ಕೊಟ್ರೇಶಿಯೇ? ಬೆಳಿಗ್ಗೆ ವ್ಯಾನಿನ ಹತ್ತಿರ ನಿಂತು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸತೊಡಗಿದೆ. ಆ ದಪ್ಪ ಹುಡುಗ ನನ್ನನ್ನು ಕಂಡರೆ ಅಳುವಂತಾಯಿತು.

ಈ ನಡುವೆಯೇ ಲವಂಗ ಕಾಣಿಸಿತು. ತೊಳೆದ ಡಬ್ಬಿಯ ತಳದಲ್ಲಿ ಒಂದೇ ಒಂದು ಲವಂಗ. ಆವತ್ತು ಟೊಮೆಟೊ ಬಾತ್ ಕಟ್ಟಿದ್ದೆ, ಅದರದೇ ಇರಬೇಕು ಅಂದುಕೊಂಡೆ. ಮರುದಿನ ಅವಲಕ್ಕಿ. ಅವಲಕ್ಕಿಗೆ ಯಾರು ಲವಂಗ ಹಾಕುತ್ತಾರ್ರಿ? ಆವತ್ತೂ ಒಂದು ಲವಂಗ. ಅದರ ಮರುದಿನ ಚಪಾತಿ, ಮತ್ತೆ ಲವಂಗ. ನಾಜುವನ್ನು ಕೇಳಿದರೆ ಈ ಸಲ ಅವಳು ಹೆಬ್ಬೆರಳು ನೋಡಲಿಲ್ಲ. ನಿಜವಾಗಿಯೂ ಕಣ್ಣರಳಿಸಿ, "ಲವಂಗ? ಯಾವ ಲವಂಗ?" ಅಂದಳು. ಕಳ್ಳನಾದವನು ತಿಂದು ಹೋಗಬೇಕು, ಕಾಣಿಕೆ ಇಟ್ಟು ಹೋಗುವುದೆಂದರೇನು? ಮಾಟವೇ? ಮಂತ್ರಿಸಿದ ಲವಂಗವೇ? ಬೆಳೆಯುವ ಹುಡುಗಿ ಸೊರಗುತ್ತಿರುವುದು ಇದಕ್ಕೇನೇ? ಇಂಥದ್ದನ್ನೆಲ್ಲ ನಂಬುವವರನ್ನು ಕಂಡರೆ ನಗುತ್ತಿದ್ದವನು, ಆ ಲವಂಗಗಳನ್ನು ಬರಿಗೈಯಲ್ಲಿ ಮುಟ್ಟದೆ ಇಕ್ಕಳದಿಂದ ಎತ್ತಿ ಎತ್ತಿ ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆ. ಬಿಸಾಡಲೂ ಹೆದರಿಕೆ.

ಮನೆಯಲ್ಲಿ ಇನ್ನೊಂದು ಕೇಸು ಬೇರೆ. ಅಮ್ಮ ರಾತ್ರಿ ಊಟ ಬೇಡ ಅನ್ನತೊಡಗಿದ್ದಳು. ಶಾಹಿನಾ ಬೆರಳು ಚುಚ್ಚಿ ನೋಡಿದರೆ ಶುಗರ್ ಏರಿದೆ. ನನಗೆ ತಕ್ಷಣ ಮೂಲೆಯ ಮಿರ್ಚಿ ಗಾಡಿಯ ಮೇಲೆ ಅನುಮಾನ.

"ಅಮ್ಮಾ, ಖರೇ ಹೇಳು. ಸಂಜಿ ಮಂಡಕ್ಕಿ ಮಿರ್ಚಿ ತಿಂತಿ ಹೌದಲ್ಲೋ?"

"ಅಲ್ಲಾನ ಆಣಿ, ಮಿರ್ಚಿ ಮುಟ್ಟಿಲ್ಲಪಾ" ಅಂದಳು ಅಮ್ಮ. ಆಣೆ ಅಷ್ಟು ಸಲೀಸಾಗಿ ಬಂದಾಗಲೇ ನಾನು ಅದನ್ನು ತಿರುಗಿಸಿ ನೋಡಬೇಕಿತ್ತು. ಮಿರ್ಚಿ ಮುಟ್ಟಿಲ್ಲ ಅಂದಳೇ ಹೊರತು ಏನೂ ತಿಂದಿಲ್ಲ ಅನ್ನಲಿಲ್ಲ.

ಕೊನೆಗೆ ಒಂದು ಬಲೆ ಹಾಕಿದೆ. ಬೀಟ್‌ರೂಟ್ ತುರಿದು ಪಡ್ಡಿನ ಹಿಟ್ಟಿಗೆ ಕಲಸಿದೆ. ತಿಂದವರ ನಾಲಿಗೆ ಕೆಂಪಾಗಲೇಬೇಕು, ತೊಳೆದರೆ ಡಬ್ಬಿ ಸ್ವಚ್ಛವಾದೀತು, ನಾಲಿಗೆ ಆಗುವುದಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಸಂಜೆ ಅಮ್ಮ ನಾಜುವನ್ನು ಕರೆತಂದಳು. ನಾಜು ನಾಲಿಗೆ ಚಾಚಿದಳು. ಕೆಂಪಿನ ಸುಳಿವೇ ಇಲ್ಲ. ಡಬ್ಬಿ ಖಾಲಿ, ಒಳಗೊಂದು ಲವಂಗ. ಆ ಹೊತ್ತಿಗೆ ಸರಿಯಾಗಿ ಕೊಟ್ರೇಶಿ ಅಂಗಡಿ ಮುಂದೆ ಹಾದು ಹೋಗಬೇಕೇ! ಓಡಿ ಹೋಗಿ ಅವನ ಕೊರಳಪಟ್ಟಿ ಹಿಡಿದೆ.

"ಲೇ, ಬಾಯಿ ತೆಗಿ!"

ತೆಗೆದ. ಬಾಯೆಲ್ಲ ಕೆಂಪು.

"ಸಿಕ್ಕಿಬಿದ್ದೆಲ್ಲೋ ಮಗನ! ಪಡ್ಡು ತಿಂದಿ ಹೌದಲ್ಲೋ?"

"ಯಾವ ಪಡ್ಡು ಸಾಬ್ರ? ನನ್ನ ಬಾಯಿ ಮದುವಿಗಿಂತ ಮುಂಚಿನಿಂದ ಹಿಂಗ ಐತಿ. ಊರಿಗೇ ಗೊತ್ತೈತಿ. ಎಲಿ ಅಡಿಕಿ ಹಾಕೋರನ್ನೆಲ್ಲ ಹಿಡಿಯಾಕ ಹೊಂಟ್ರ, ನಿಮ್ಮ ಅಮ್ಮನ್ನೂ ಹಿಡಿಬೇಕಾಗ್ತೈತಿ ನೋಡ್ರಿ!"

ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮ ನಕ್ಕಳು. ಬಾಯಿ ತುಂಬ ಕೆಂಪಾಗಿ ನಕ್ಕಳು. ನಾನೂ ಪೆಚ್ಚಾಗಿ ನಕ್ಕೆ. ಕೊಟ್ರೇಶಿಗೆ ಒಂದು ಚಹಾ ಕುಡಿಸಿ ಕಳಿಸಿದೆ. ಅವನು ಕುಡಿದ, ಆದರೆ ಆಮೇಲೆ ನನ್ನನ್ನು ಕಂಡಾಗಲೆಲ್ಲ ಬಾಯಿ ತೆರೆದು ತೋರಿಸಿ ಮುಂದೆ ಹೋಗುತ್ತಿದ್ದ.

ದಸರಾ ಹತ್ತಿರ ಬಂತು. ಅತ್ತೆಯವರು ಬರುವ ಬಸ್ಸನ್ನೂ ಫೋನಿನಲ್ಲಿ ತಿಳಿಸಿಯಾಗಿತ್ತು. ಇನ್ನು ಸುಮ್ಮನಿದ್ದರೆ ಮಗಳು ಕೈತಪ್ಪುತ್ತಾಳೆ ಅಂತ ಒಂದು ಸಂಜೆ ಅಂಗಡಿಗೆ ಬೇಗ ಬಾಗಿಲು ಹಾಕಿ, ಗಿರಣಿಯ ಒಳಗೆ ಹೋಗಿ ಬಾಗಿಲ ಸಂದಿನಲ್ಲಿ ನಿಂತೆ. ವ್ಯಾನಿನಿಂದಲೇ ಶುರು ಮಾಡಿ ಕಳ್ಳನನ್ನು ಹಿಡಿಯುವುದು ನನ್ನ ಲೆಕ್ಕ. ಗಿರಣಿಯವನು ಯಾಕೆ ಅಂತ ಕೇಳಲಿಲ್ಲ. ಊರಿನವರಿಗೆಲ್ಲ ಅಷ್ಟೊತ್ತಿಗೆ ನನ್ನ ಸ್ಥಿತಿ ಗೊತ್ತಾಗಿತ್ತು ಅಂತ ಕಾಣುತ್ತದೆ.

ಅಮ್ಮ ಆಗಲೇ ಬಂದು ಹೊರಗಿನ ಕಲ್ಲಿನ ಮೇಲೆ ಕೂತಿದ್ದಳು. ವ್ಯಾನು ಬಂತು, ನಾಜು ಇಳಿದಳು, ವ್ಯಾನು ಹೋಯಿತು. ನಾಜು ಓಡಿ ಬಂದು ಚೀಲದಿಂದ ಡಬ್ಬಿ ತೆಗೆದು ಅಮ್ಮನ ಕೈಗೆ ಕೊಟ್ಟಳು. ಮುಚ್ಚಳ ತೆರೆದರೆ ಬೆಳಿಗ್ಗೆ ನಾನು ಕಟ್ಟಿದ್ದ ಪಡ್ಡು, ಅಲ್ಲಾಡದೆ ಹಾಗೇ ಕೂತಿವೆ. ಒಂದರ ಮೇಲೆ ಮಾತ್ರ ಸಣ್ಣ ಹಲ್ಲಿನ ಗುರುತು. ಅಮ್ಮ ಸೆರಗಿನ ಗಂಟು ಬಿಚ್ಚಿ ರೊಟ್ಟಿಯ ಸುರುಳಿ ತೆಗೆದಳು. ಗಂಗಮ್ಮಕ್ಕನ ಸೊಸೆ ಮಾಡಿದ ರೊಟ್ಟಿ, ಒಳಗೆ ಶೇಂಗಾ ಚಟ್ನಿ. ಅಮ್ಮನ ಮಧ್ಯಾಹ್ನದ ಊಟ ಅದು. ನಾಜು ಅದನ್ನು ಎರಡೂ ಕೈಯಲ್ಲಿ ಹಿಡಿದು, ಎರಡು ದಿನ ಉಪವಾಸ ಇದ್ದವಳಂತೆ ಗಬಗಬ ತಿನ್ನತೊಡಗಿದಳು. ಅಮ್ಮ ನೀರಿನ ಬಾಟಲಿಯಿಂದ ಡಬ್ಬಿಗೆ ನೀರು ಸುರಿದು, ಪಡ್ಡು ನೆನೆಯುವ ತನಕ ಕಾದು, ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನಕ್ಕೆ ತಿಂದಳು. ಒಂದನ್ನೂ ಬಿಡಲಿಲ್ಲ. ಡಬ್ಬಿ ಗಲಗಲಿಸಿ ತೊಳೆದಳು, ಸೆರಗಿನಿಂದ ಒರೆಸಿದಳು. ಆಮೇಲೆ ಎಲೆ ಅಡಿಕೆ ಹಾಕಿಕೊಳ್ಳಲು ಸಂಚಿ ಬಿಚ್ಚಿದಳು. ನಾಜುವಿನ ಜೊತೆ ಏನೋ ಮಾತಾಡುತ್ತಾ, ಡಬ್ಬಿಯ ಕಡೆ ನೋಡದೆ, ಸಂಚಿಯಿಂದ ಒಂದು ಲವಂಗ ತೆಗೆದು ಒಳಗೆ ಹಾಕಿ ಮುಚ್ಚಳ ಒತ್ತಿದಳು.

ಹೊರಗೆ ಬಂದೆ. ತಲೆಯಿಂದ ಕಾಲ ತನಕ ಹಿಟ್ಟು ಮೆತ್ತಿಕೊಂಡು ನಿಂತವನನ್ನು ಕಂಡು ಅಮ್ಮ "ಯಾ ಅಲ್ಲಾ!" ಅಂತ ಚೀರಿದಳು. ನಾಜು ಮಾತ್ರ ಗುರುತು ಹಿಡಿದು, ರೊಟ್ಟಿ ತುಂಬಿದ ಬಾಯಲ್ಲೇ ತನ್ನ ದಾದಿಯ, ಅಂದರೆ ಅಜ್ಜಿಯ, ಮುಂದೆ ಅಡ್ಡ ನಿಂತಳು.

"ಅಬ್ಬಾ, ದಾದಿಗಿ ಬೈಬ್ಯಾಡ. ನಾನೇ ಹೇಳಿದ್ದು."

"ಚಲೋ ಇಲ್ಲ ಅಂತ ನನಗ ಯಾಕ ಹೇಳಲಿಲ್ಲವ್ವಾ?"

"ನೀ ಕತ್ತಲ್ಯಾಗ ಎದ್ದು ಮಾಡ್ತಿ. ಚಲೋ ಇಲ್ಲ ಅಂದ್ರ ನಿನ್ನ ಮುಖ ಸಣ್ಣದಾಗ್ತೈತಿ. ತುಂಬಿದ ಡಬ್ಬಿ ಮನಿಗಿ ಬಂದ್ರ ಅಮ್ಮಿ ನನ್ನ ಹರಪನಹಳ್ಳಿಗಿ ಕಳಿಸ್ತಾಳ. ನಾ ಹೋಗಂಗಿಲ್ಲ ಅಬ್ಬಾ."

ಅಮ್ಮನ ಕಡೆ ತಿರುಗಿದೆ. "ಅಮ್ಮಾ, ನಿನಗ ಅನ್ನ, ಬೆಲ್ಲ, ಇದೆಲ್ಲ ತಿನ್ನಬಾರದು ಅಂತ ಗೊತ್ತಿಲ್ಲೇನು? ಶುಗರ್ ಎಷ್ಟೇರಿತ್ತು!"

"ಚೆಲ್ಲಾಕ ಬರ್ತೈತೇನಲೇ? ನೀ ಮಾಡಿದ್ದು" ಅಂದಳು ಅಮ್ಮ. "ಈ ಹುಡುಗಿ ಹೋದ್ರ ಮನ್ಯಾಗ ನಾನು ಯಾರ ಮುಖ ನೋಡಲಿ? ಸಾಯೋ ಮುದುಕಿ, ತಿಂದ್ರ ಏನಾಗ್ತೈತಿ ಬಿಡು."

"ಮತ್ತ ಈ ಲವಂಗ ಯಾಕ ಹಾಕ್ತಿದ್ದಿ?"

ಅಮ್ಮ ಡಬ್ಬಿ ತೆರೆದು ನೋಡಿದಳು. ಅವಳಿಗೇ ಆಶ್ಚರ್ಯ. "ನಾ ಹಾಕಿನೇನು?" ಅಂದಳು. ಆ ಲವಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಹಾಕಿರಬೇಕು ಬಿಡು. ನಿನ್ನ ಕೈಗಿ ಬರೇ ಡಬ್ಬಿ ಹೆಂಗ ಕೊಡ್ಲಿ?"

ಡಬ್ಬಿಯ ಮೂಲೆಯಲ್ಲಿ ನೆನೆದ ಪಡ್ಡಿನ ಒಂದು ಚೂರು ಉಳಿದಿತ್ತು. ಬಾಯಿಗೆ ಹಾಕಿಕೊಂಡೆ. ಕಹಿ, ಒಗರು, ಉಪ್ಪಿಲ್ಲ. ಆಗ ಹೊಳೆಯಿತು, ಇಷ್ಟು ದಿನ ನಾನು ಒಂದು ಸಲವೂ ರುಚಿ ನೋಡಿರಲಿಲ್ಲ. ಮಗುವಿನ ಡಬ್ಬಿಯನ್ನು ಎಂಜಲು ಮಾಡಬಾರದು ಅನ್ನುವ ನೆಪ. ಆಯಮ್ಮ, ಡ್ರೈವರ್, ದಪ್ಪ ಹುಡುಗ, ಅತ್ತೆ, ಮಾಟಗಾರ, ಎಲ್ಲರ ಮೇಲೂ ಅನುಮಾನ ಪಟ್ಟವನಿಗೆ ತನ್ನ ಕೈರುಚಿಯ ಮೇಲೆ ಮಾತ್ರ ಯಾವತ್ತೂ ಅನುಮಾನ ಬಂದಿರಲಿಲ್ಲ. ನಡುರಸ್ತೆಯಲ್ಲಿ ಅಳು ಬಂತು. ಹಿಟ್ಟು ಕಣ್ಣಿಗೆ ಹೋಗಿದೆ ಅಂದೆ. ಅಮ್ಮ ನಂಬಿದಳು, ಅವಳು ಎಲ್ಲರನ್ನೂ ನಂಬುತ್ತಾಳೆ.

ಮರುದಿನ ಬೆಳಿಗ್ಗೆ ಶಾಹಿನಾ ಬಸ್ಸಿಗೆ ಹೋದ ಮೇಲೆ, ಜೇಬಿನಿಂದ ಲೈಟರ್ ತೆಗೆದು ಅಮ್ಮನ ಕೈಗಿಟ್ಟೆ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೆರಗು ಸಿಕ್ಕಿಸಿ, ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂತಳು. ಪಟಪಟ ಸಪ್ಪಳ ಕೇಳಿ ನಾಜು ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ನಾನು ಒಲೆಯ ಪಕ್ಕದಲ್ಲೇ ನಿಂತು ಗ್ಯಾಸಿನ ವಾಸನೆ ಬರುತ್ತದೇನೋ ಅಂತ ಮೂಗು ಅರಳಿಸುತ್ತಿದ್ದೆ. "ಹೊರಗ ಹೋಗಲೇ ಮಾಬು, ಥೇಟ್ ನಿಮ್ಮಪ್ಪ ನಿಂತಂಗ ಆಗ್ತೈತಿ" ಅಂತ ಅಮ್ಮ ಗದರಿಸಿ ಓಡಿಸಿದಳು. ಹೊರಗೆ ಹೋದೆ. ಕಿಟಕಿಯಿಂದ ನೋಡಿದೆ, ಅದು ಬೇರೆ ಮಾತು.

ದಸರಾಕ್ಕೆ ಅತ್ತೆಯವರು ಬಂದರು. ಮುಂದೆ ಸಂಕ್ರಾಂತಿಗೂ ಬಂದರು. ಎರಡು ಸಲವೂ ಒಬ್ಬರೇ ವಾಪಸ್ ಹೋದರು. ಎರಡನೇ ಸಲ ಬಂದಾಗ ಬಳೆಯನ್ನು ತಳ್ಳಿ ನೋಡಿ, ಅದು ಅರ್ಧಕ್ಕೇ ನಿಂತದ್ದಕ್ಕೆ, "ಬಳಿ ಬದಲು ಮಾಡ್ಯಾರೇನು?" ಅಂತ ನನ್ನ ಮುಖವನ್ನೇ ದಿಟ್ಟಿಸಿದರು. ಅವರ ಅನುಮಾನ ಕಂಡು ನನಗೆ ಅವರ ಮೇಲೆ ಮೊದಲ ಸಲ ಪ್ರೀತಿ ಬಂತು.

ಆದರೆ ನನಗೆ ನೆನಪಿರುವುದು ಲೈಟರ್ ಕೊಟ್ಟ ದಿನದ ಸಂಜೆ. ಅಮ್ಮ ನಾಜುವನ್ನು ಅಂಗಡಿಗೆ ಬಿಡಲು ಬಂದಳು. ನಾನು ಚೀಲದಿಂದ ಡಬ್ಬಿ ತೆಗೆದೆ. ಕೈ ಜಿಡ್ಡಾಯಿತು. ಮುಚ್ಚಳ ತೆರೆದರೆ ಮೂಲೆಯಲ್ಲೆಲ್ಲ ಚಟ್ನಿ ಮೆತ್ತಿದೆ, ರೊಟ್ಟಿಯ ತುಣುಕುಗಳು ಅಂಟಿವೆ, ಬೆರಳಲ್ಲಿ ಬಳಿದು ನೆಕ್ಕಿದ ಗೆರೆಗಳು ಒಣಗಿವೆ. ಬೆಳ್ಳುಳ್ಳಿ ವಾಸನೆ ಘಮ್ ಅಂತ ಮೂಗಿಗೆ ಹೊಡೆಯಿತು. ಇಷ್ಟು ಹೊಲಸಾದ ಡಬ್ಬಿಯನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ತಳ ತಡವಿ ನೋಡಿದೆ, ಲವಂಗ ಇರಲಿಲ್ಲ.

ಅಂಗಡಿ ಮುಂದಿನ ನಲ್ಲಿಯಲ್ಲಿ ಕೂತು ಡಬ್ಬಿಯನ್ನು ನಾನೇ ತಿಕ್ಕಿ ತೊಳೆದೆ. ಮನೆಗೆ ಹೊರಟಿದ್ದ ಅಮ್ಮನನ್ನು ನಿಲ್ಲಿಸಿ, "ಹಿಡಿ, ನಾಳಿಗಿ ಬೇಕು" ಅಂತ ಅವಳ ಕೈಗೆ ಕೊಟ್ಟೆ. ಅಮ್ಮ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಏನೋ ಸದ್ದಾಯಿತು. ಮುಚ್ಚಳ ತೆರೆದು ನೋಡಿ, ನನ್ನ ಮುಖ ನೋಡಿದಳು. ಒಳಗಿದ್ದ ಲವಂಗವನ್ನು ಬಾಯಿಗೆ ಹಾಕಿಕೊಂಡಳು.

"ಯಾರು ಕಲಿಸಿದ್ರಲೇ ನಿನಗ ಇದನ್ನ?" ಅಂದಳು.